ಹಾಲಿಲ್ಲದ ಚಹಾ

ನಮ್ಮ ಗದಗು-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಗೆ ಅತಿಥಿಸತ್ಕಾರದ ಷೋಡಶೋಪಚಾರಗಳೆಲ್ಲವೂ ಇಂದು ಒಂದೇ ಉಪಚಾರದಲ್ಲಿ ಅಡಕವಾಗಿರುವವು, ಅದೇ ಚಹಾ. ಪಾದ್ಯ, ಅರ್ಘ್ಯ, ಆಚಮನೀಯಗಳ ಸ್ಥಾನವನ್ನೆಲ್ಲ ಈ ಒಂದು ಕಪ್ಪು-ಬಸಿಯು ಆಕ್ರಮಿಸಿ ಕುಳಿತಿದೆ. ಹೊಸ್ತಿಲು ದಾಟಿ ಬಂದವನು ಸಾಲ ಕೇಳಲು ಬಂದಿರಲಿ, ಸಾಲದ ವಸೂಲಿಗೆ ಬಂದಿರಲಿ, ಕನ್ಯೆಯನ್ನು ನೋಡಲು ಬಂದಿರಲಿ, ಮುಹೂರ್ತ ಕೇಳಲು ಬಂದಿರಲಿ, ‘ಚಹಾ ಆಗ್ಯದೇನ್ರಿ?’ ಎಂಬ ಪ್ರಶ್ನೆಯು ಮೊದಲು, ಕುಶಲಪ್ರಶ್ನೆಯು ಅನಂತರ. ‘ಆಗ್ಯದ’ ಎಂದು ಉತ್ತರ ಕೊಟ್ಟರೂ ಚಹಾ ಬರದೆ ಇರುವದಿಲ್ಲ. ಒಲ್ಲೆನೆಂದವನು ಆ ಮನೆಯವರ ಮೇಲೆ ಸಿಟ್ಟಾಗಿದ್ದಾನೆಂದೇ ಅರ್ಥ.

ಇಂಥ ನಾಡಿನಲ್ಲಿ ಚಹಾವನ್ನು ಬಿಡಬೇಕಾಗಿ ಬಂದವನ ಅವಸ್ಥೆಯನ್ನು ವಾಚಕರು ಊಹಿಸಿಕೊಳ್ಳಬಹುದು. ನಾನು ಶಾಲೆಯ ಕೆಲಸದಿಂದ ನಿವೃತ್ತನಾದ ವರ್ಷವೇ ವೈದ್ಯರು ರಕ್ತವನ್ನು ಪರೀಕ್ಷಿಸಿ, ಮಧುಮೇಹವು ಬಾಗಿಲಲ್ಲಿ ನಿಂತಿದೆ, ಒಳಗೆ ಕರೆಯಬೇಡಿರಿ ಎಂದರು. ದಿನಕ್ಕೆ ಐದಾರು ಬಾರಿ, ಬಾರಿಗೆ ಎರಡು ಚಮಚೆ ಸಕ್ಕರೆ. ಇದನ್ನು ತಿಂಗಳಿಗೆ ಗುಣಿಸಿ ನೋಡಿದಾಗ ನನಗೇ ಗಾಬರಿಯಾಯಿತು. ಹಾಲು-ಸಕ್ಕರೆ ಎರಡನ್ನೂ ತೆಗೆದು ನಮ್ಮ ನಿತ್ಯದ ಪುಡಿಯನ್ನು ಬರಿಯ ನೀರಿನಲ್ಲಿ ಕುದಿಸಿ ನೋಡಿದೆನು. ಅದು ನಾಲಿಗೆಯನ್ನು ಒಗರಿನಿಂದ ಹಿಂಡಿಬಿಟ್ಟಿತು. ಇದರಲ್ಲಿ ಪುಡಿಯ ಅಪರಾಧವೇನೂ ಇಲ್ಲ. ೧೯೩೦ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿದ ಒಂದು ಯಂತ್ರವು ಹಲ್ಲುಗಳುಳ್ಳ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಕಾಳಿನಂತೆ ಸುರುಳಿಸುವದು. ಆ ಕಾಳು ಬಿಸಿನೀರು ತಾಗಿದ ಕೂಡಲೆ ತನ್ನ ಬಣ್ಣವನ್ನೂ ಕಸುವನ್ನೂ ಒಮ್ಮೆಲೇ ಬಿಟ್ಟುಕೊಡುವದು. ಹಾಲು-ಸಕ್ಕರೆಗಳ ಭಾರವನ್ನು ಹೊರಲು ಅದು ಸಮರ್ಥ. ಆದರೆ ಒಬ್ಬಂಟಿಯಾಗಿ ಎದುರಿಗೆ ನಿಂತು ಮಾತಾಡಲು ಅದಕ್ಕೆ ಬಾರದು.

ಆ ಸಮಯಕ್ಕೆ ಸಿಂಗಾಪುರದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೀಪಾವಳಿಗೆ ಊರಿಗೆ ಬಂದವನು ಒಂದು ಸಣ್ಣ ತಗಡಿನ ಡಬ್ಬಿಯನ್ನು ತಂದು ನನ್ನ ಮುಂದಿಟ್ಟು, “ಗುರುಗಳ, ಇದು ಚೀನಾದ ಗುಡ್ಡದ ಚಹಾ. ಇದಕ್ಕ ಹಾಲೂ ಬ್ಯಾಡ, ಸಕ್ಕರೀನೂ ಬ್ಯಾಡ” ಎಂದನು. ಮುಚ್ಚಳ ತೆಗೆದು ನೋಡಿದರೆ ಒಳಗೆ ಪುಡಿಯೇ ಇಲ್ಲ. ಕಡುಹಸಿರು ಬಣ್ಣದ, ಮೆಣಸಿನ ಕಾಳಿಗಿಂತ ತುಸು ದೊಡ್ಡದಾದ ಗುಳಿಗೆಗಳು. ಮನೆಯವರು ಕೈಯಲ್ಲಿ ಹಿಡಿದು ನೋಡಿ, “ಇದೇನ್ರಿ, ಒಣಗಿದ ಮೆಂತೆಪಲ್ಲೆ ಉಂಡಿ ಕಟ್ಟಿದಂಗ ಅದ!” ಎಂದರು. ಬಿಸಿನೀರು ಬಿದ್ದ ಮೇಲೆ ಒಂದೊಂದು ಗುಳಿಗೆಯೂ ಮೆಲ್ಲಮೆಲ್ಲನೆ ಬಿಚ್ಚಿಕೊಂಡು ತೊಟ್ಟು ಸಹಿತವಾದ ಇಡಿಯ ಎಲೆಯಾಯಿತು. ಬಟ್ಟಲಿನ ತಳದಲ್ಲಿ ಒಂದು ಗಿಡವೇ ಮತ್ತೆ ಚಿಗುರಿದಂತಿತ್ತು. ನೀರಿನ ಬಣ್ಣ ಮಾತ್ರ ತಿಳಿಯಾದ ಹೊನ್ನಿನ ಬಣ್ಣ; ವಾಸನೆಯು ದೂರದಲ್ಲೆಲ್ಲಿಯೋ ಹೂ ಅರಳಿದಂತೆ.

ಇದರ ಹೆಸರು ಊಲಾಂಗ. ಚೀನೀ ಭಾಷೆಯಲ್ಲಿ ‘ವೂ’ ಎಂದರೆ ಕರಿಯದು, ‘ಲುಂಗ್’ ಎಂದರೆ ಅವರ ಪುರಾಣಗಳ ಡ್ರಾಗನ್ ಎಂಬ ಮಹಾಸರ್ಪ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ಇಳಿಸಿದ ಪಂಡಿತರು ನಮ್ಮ ‘ನಾಗ’ ಶಬ್ದಕ್ಕೆ ಇದೇ ‘ಲುಂಗ್’ ಎಂಬದನ್ನು ಬಳಸಿದರು. ನಾಗಾರ್ಜುನನ ಹೆಸರು ಅಲ್ಲಿ ‘ಲುಂಗ್-ಶೂ’ ಆಯಿತು. ಆದದರಿಂದ ನಾನು ಮನೆಯಲ್ಲಿ ಇದನ್ನು ‘ಕೃಷ್ಣನಾಗ’ವೆಂದು ಕರೆಯತೊಡಗಿದೆನು. ಮನೆಯವರಿಗೆ ಈ ಹೆಸರು ಸೇರಲಿಲ್ಲ. ಕುಡಿಯುವ ವಸ್ತುವಿಗೆ ಹಾವಿನ ಹೆಸರೇ ಎಂದು ಅವರ ಆಕ್ಷೇಪ.

ಹಸಿರು ಚಹಾ, ಕರಿ ಚಹಾ, ಊಲಾಂಗ ಇವೆಲ್ಲವೂ ಒಂದೇ ಗಿಡದ ಎಲೆಗಳೆಂಬದು ಬಹು ಜನರಿಗೆ ತಿಳಿದಿರಲಿಕ್ಕಿಲ್ಲ. ಭೇದವಿರುವದು ಸಂಸ್ಕಾರದಲ್ಲಿ. ಹೆಚ್ಚಿದ ಬದನೆಯ ಹೋಳು ಗಾಳಿಗೆ ಕಪ್ಪಾಗುವದನ್ನು ಗೃಹಿಣಿಯರು ದಿನಾಲು ನೋಡುವರು. ಚಹಾದ ಎಲೆಯೂ ಜಜ್ಜಿದಲ್ಲಿ ಗಾಳಿಯ ಪ್ರಾಣವಾಯುವನ್ನು ಹೀರಿ ಕೆಂಪಾಗುವದು. ಕಿತ್ತ ಕೂಡಲೆ ಎಲೆಯನ್ನು ಬಿಸಿಗೆ ಹಿಡಿದು ಈ ವಿಕಾರವನ್ನು ತಡೆದರೆ ಅದು ಹಸಿರು ಚಹಾ. ಪೂರ್ತಿಯಾಗಿ ನಡೆಯಗೊಟ್ಟರೆ ಕರಿ ಚಹಾ. ನಡುವೆ ಎಲ್ಲಿಯೋ ಒಂದು ಹದದಲ್ಲಿ ನಿಲ್ಲಿಸಿದರೆ ಊಲಾಂಗ. ಹೇಳುವದಕ್ಕೆ ಇಷ್ಟು ಸುಲಭ; ಮಾಡುವದು ಸುಲಭವಲ್ಲ. ಮೊದಲನೆಯದಾಗಿ, ಇದಕ್ಕೆ ಎಳೆಯ ಮೊಗ್ಗು ಸಲ್ಲದು. ಮೂರು ನಾಲ್ಕು ಎಲೆಗಳು ಬಿಚ್ಚಿ ಬಲಿತ ಕುಡಿಯೇ ಬೇಕು. ಅದನ್ನು ಬಿಸಿಲಿಗೆ ಹರವಿ ಬಾಡಿಸುವರು. ನೆಳಲಿಗೆ ತಂದು ತಣಿಸುವರು. ಬಳಿಕ ಬಿದಿರಿನ ಅಗಲ ಮೊರಗಳಲ್ಲಿ ಹಾಕಿ ನಮ್ಮ ಹೆಣ್ಣುಮಕ್ಕಳು ಜೋಳ ಕೇರುವಂತೆ ಕುಲುಕುವರು. ಎಲೆಗಳ ಅಂಚುಗಳು ಒಂದಕ್ಕೊಂದು ತಾಗಿ ಗಾಯಗೊಳ್ಳುವವು. ಕೆಲವು ಹೊತ್ತು ಹಾಗೆಯೇ ಬಿಡುವರು, ಮತ್ತೆ ಕುಲುಕುವರು, ಹೀಗೆ ರಾತ್ರಿಯೆಲ್ಲ. ಗಡಿಯಾರವಾಗಲಿ ಮಾಪಕವಾಗಲಿ ಇಲ್ಲಿ ಪ್ರಮಾಣವಲ್ಲ, ಮೂಗೇ ಪ್ರಮಾಣ. ಹಸಿ ಸೊಪ್ಪಿನ ವಾಸನೆಯು ಹೋಗಿ ಹೂವಿನ ವಾಸನೆಯು ಬರುವ ಕ್ಷಣವನ್ನು ಹಿಡಿದು, ಕಾದ ಬಾಣಲೆಗೆ ಹಾಕಿ ಆ ಕ್ರಿಯೆಯನ್ನು ನಿಲ್ಲಿಸಿಬಿಡಬೇಕು. ಒಂದು ತಾಸು ಹಿಂದುಮುಂದಾದರೆ ಕೆಲಸ ಕೆಟ್ಟಿತು. ಆಮೇಲೆ ಬಟ್ಟೆಯಲ್ಲಿ ಗಂಟುಕಟ್ಟಿ ಉರುಳಿಸುವದು, ಬಿಚ್ಚುವದು, ಮತ್ತೆ ಕಟ್ಟುವದು. ಕಡೆಗೆ ಹದವಾದ ಉರಿಯಲ್ಲಿ ಒಣಗಿಸುವದು. ವುಯಿ ಎಂಬ ಗುಡ್ಡದ ಕಡೆಯವರು ಗುಳಿಗೆ ಮಾಡದೆ ಎಲೆಯನ್ನು ಉದ್ದುದ್ದವಾಗಿ ಹೊಸೆದು ಇದ್ದಿಲ ಕೆಂಡದ ಮೇಲೆ ಬಹು ಹೊತ್ತು ಹುರಿಯುವರು. ಚೀನಾದ ಇಂಥ ಸಾಂಪ್ರದಾಯಿಕ ಚಹಾವಿದ್ಯೆಗಳನ್ನು ೨೦೨೨ರಲ್ಲಿ ಯುನೆಸ್ಕೋ ಸಂಸ್ಥೆಯು ಮನುಕುಲದ ಪರಂಪರೆಯ ಯಾದಿಯಲ್ಲಿ ಸೇರಿಸಿತು.

ಹೀಗೆ ಸಿದ್ಧವಾದ ಎಲೆಯು ನೀರಿನಲ್ಲಿ ಬಿಚ್ಚಿದಾಗ ನಡುವೆ ಹಸಿರಾಗಿಯೂ ಸುತ್ತಲೂ ಅಂಚಿನಲ್ಲಿ ಕೆಂಪಾಗಿಯೂ ಕಾಣುವದು. ಹಳೆಯ ಪದ್ಧತಿಯ ಒಳ್ಳೆಯ ಊಲಾಂಗಿನ ಲಕ್ಷಣವೇ ಇದೆಂದು ಚೀನೀಯರು ಹೇಳುವರು. ನಮ್ಮ ಓಣಿಗೆ ಬರುವ ಬೆಟಗೇರಿಯ ವೃದ್ಧ ನೇಕಾರರೊಬ್ಬರಿಗೆ ಆ ಎಲೆಯನ್ನು ತೋರಿಸಿದಾಗ ಅವರು ಯಾವ ವ್ಯಾಖ್ಯಾನವನ್ನೂ ಬೇಡದೆ, “ಹಸರು ಒಡಲು, ಕೆಂಪು ದಡಿ” ಎಂದುಬಿಟ್ಟರು. ಬೆಟಗೇರಿಯ ಸೀರೆಯನ್ನು ನೋಡಿದ ಕಣ್ಣಿಗೆ ಅದು ಬೇರೆ ಇನ್ನೇನಾಗಿ ಕಂಡೀತು?

ಇನ್ನು ಗುಡ್ಡದ ಮಾತು. ಊಲಾಂಗಿನ ತೌರುಮನೆಯು ಚೀನಾದ ಆಗ್ನೇಯದಲ್ಲಿರುವ ಫುಜಿಯಾನ್ ಪ್ರಾಂತ. ಅದರ ಉತ್ತರಕ್ಕೆ ವುಯಿ ಪರ್ವತ, ದಕ್ಷಿಣಕ್ಕೆ ಆನ್‌ಶಿ ಎಂಬ ಬೆಟ್ಟಗಾಡು. ನೆರೆಯ ಗ್ವಾಂಗ್‌ಡುಂಗ್ ಪ್ರಾಂತದ ಫೀನಿಕ್ಸ್ ಪರ್ವತವೂ, ಸಮುದ್ರದಾಚೆಯ ತೈವಾನವೂ ಇದಕ್ಕೆ ಪ್ರಸಿದ್ಧವಾದವು. ತೈವಾನದಲ್ಲಿ ೧,೦೦೦ ಮೀಟರಿಗಿಂತ ಎತ್ತರದಲ್ಲಿ ಬೆಳೆದದ್ದಕ್ಕೆ ‘ಎತ್ತರ ಪರ್ವತದ ಚಹಾ’ ಎಂದೇ ಬೇರೆ ಹೆಸರು, ಬೇರೆ ಬೆಲೆ. ಎತ್ತರದಲ್ಲಿ ತಂಪು ಹೆಚ್ಚು, ಮಂಜು ಹೆಚ್ಚು, ಬಿಸಿಲಿನ ತೀಕ್ಷ್ಣತೆ ಕಡಿಮೆ. ಎಲೆಯು ಅವಸರವಿಲ್ಲದೆ ಬೆಳೆದು ಒಗರು ತಗ್ಗಿ ಪರಿಮಳವು ಕೂಡುವದು. ಅದೇ ದ್ವೀಪದಲ್ಲಿ ಮತ್ತೊಂದು ಬಗೆಯ ಊಲಾಂಗವುಂಟು. ಅದಕ್ಕೆ ಹಸಿರು ಜಿಗಿಹುಳವು ಕಚ್ಚಿದ ಎಲೆಯೇ ಆಗಬೇಕು. ಹುಳ ಕಚ್ಚಿದಲ್ಲಿ ಗಿಡವು ಆತ್ಮರಕ್ಷಣೆಗಾಗಿ ಹುಟ್ಟಿಸುವ ದ್ರವ್ಯದಿಂದಲೇ ಜೇನಿನಂಥ ಪರಿಮಳ ಬರುವದಂತೆ. ಜಿಗಿಹುಳವೆಂದರೆ ಹತ್ತಿಯ ಬೆಳೆಯನ್ನು ನೆನೆದು ಹಲ್ಲು ಕಡಿಯುವ ನಮ್ಮ ಒಕ್ಕಲಿಗರಿಗೆ ಇದನ್ನು ಹೇಳಿದರೆ ಅವರು ನನ್ನ ಮುಖವನ್ನೇ ನೋಡುವರು.

ವುಯಿಯ ಚಹಾಕ್ಕೆ ‘ಬಂಡೆಯ ಚಹಾ’ ಎಂದು ಹೆಸರು. ಕಡಿದಾದ ಬಂಡೆಗಳ ಸಂದುಗಳಲ್ಲಿ, ಮಳೆನೀರು ಜಿನುಗುವ ಕಲ್ಲುಮಣ್ಣಿನಲ್ಲಿ ಗಿಡಗಳು ಬೆಳೆಯುವವು. ಅಲ್ಲಿಯ ಒಂದು ಕೊಳ್ಳದ ಬಂಡೆಯ ಮೇಲೆ ‘ದೊಡ್ಡ ಕೆಂಪು ನಿಲುವಂಗಿ’ ಎಂಬ ಹೆಸರಿನ ಆರು ಹಳೆಯ ತಾಯಿಗಿಡಗಳಿವೆ. ಪರೀಕ್ಷೆಗೆ ಹೋಗುತ್ತಿದ್ದ ಒಬ್ಬ ವಿದ್ಯಾರ್ಥಿಯ ಉದರವ್ಯಾಧಿಯು ಈ ಚಹಾದಿಂದ ಗುಣವಾಗಲು, ಅವನು ಉತ್ತೀರ್ಣನಾಗಿ ಅಧಿಕಾರಿಯಾದ ಮೇಲೆ ತನಗೆ ಅರಸನು ಹೊದಿಸಿದ ಕೆಂಪು ನಿಲುವಂಗಿಯನ್ನು ತಂದು ಆ ಗಿಡಕ್ಕೆ ಹೊದಿಸಿದನೆಂದು ಕಥೆ. ಕಥೆಯು ಹೇಗಿದ್ದರೂ ಮುಂದಿನ ಸಂಗತಿಯು ಇತಿಹಾಸ: ೨೦೦೫ರಲ್ಲಿ ಆ ಗಿಡಗಳಿಂದ ಕಡೆಯ ಬಾರಿ ಎಲೆ ಕಿತ್ತರು, ಅದರಲ್ಲಿಯ ೨೦ ಗ್ರಾಮಿನಷ್ಟನ್ನು ೨೦೦೭ರಲ್ಲಿ ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಟ್ಟರು, ಗಿಡಗಳನ್ನು ಇನ್ನು ಯಾರೂ ಕೀಳಕೂಡದೆಂದು ನಿಷೇಧಿಸಿದರು. ಮಾರುಕಟ್ಟೆಯಲ್ಲಿ ಆ ಹೆಸರಿನಿಂದ ಸಿಗುವದೆಲ್ಲವೂ ಆ ಗಿಡಗಳ ಟೊಂಗೆಯಿಂದ ಬೆಳೆಸಿದ ಸಂತಾನ, ಇಲ್ಲವೆ ಬೇರೆ ಬೇರೆ ಎಲೆಗಳ ಮಿಶ್ರಣ.

ನನ್ನ ಡಬ್ಬಿಯಲ್ಲಿದ್ದದ್ದು ವುಯಿಯದಲ್ಲ, ಆನ್‌ಶಿಯದು. ಅದರ ಮೇಲಿನ ಹೆಸರು ‘ತಿಯೆ-ಗ್ವಾನ್-ಯಿನ್’. ಈ ಹೆಸರಿನ ಅರ್ಥವನ್ನು ಹುಡುಕುತ್ತ ಹೋದಾಗ, ಚಹಾ ಕುಡಿಯುವದಕ್ಕಿಂತ ಹೆಚ್ಚಿನ ಸುಖವು ನನಗೆ ದೊರೆಯಿತೆಂದು ಹೇಳಿದರೆ ಸಂಸ್ಕೃತದ ಮಾಸ್ತರನ ಚಪಲವೆಂದು ವಾಚಕರು ಕ್ಷಮಿಸಬೇಕು. ‘ತಿಯೆ’ ಎಂದರೆ ಕಬ್ಬಿಣ. ‘ಗ್ವಾನ್-ಯಿನ್’ ಎಂದರೆ ಚೀನೀಯರ ಕರುಣಾದೇವತೆ. ಇವಳು ಮತ್ತಾರೂ ಅಲ್ಲ, ನಮ್ಮ ಅವಲೋಕಿತೇಶ್ವರನೇ. ದೇವಿಯ ಭಕ್ತನಾದ ಒಬ್ಬ ಬಡ ಒಕ್ಕಲಿಗನಿಗೆ ಸ್ವಪ್ನದಲ್ಲಿ ಈ ಗಿಡವು ಕಾಣಿಸಿತೆಂದು ಆನ್‌ಶಿಯವರ ಐತಿಹ್ಯ. ಭಾರತದಲ್ಲಿ ಪುರುಷರೂಪನಾದ ಬೋಧಿಸತ್ವನು ಚೀನಾದಲ್ಲಿ, ಸುಮಾರು ಹತ್ತನೆಯ ಶತಮಾನದ ತರುವಾಯ, ಮೆಲ್ಲಮೆಲ್ಲನೆ ಸ್ತ್ರೀರೂಪವನ್ನು ತಾಳಿದನು.

ಈ ಹೆಸರಿನೊಳಗೆ ಒಂದು ವ್ಯಾಕರಣದ ಜಗಳವೂ ಅಡಗಿದೆ. ತಂದೆಯ ಕಡೆಯಿಂದ ಭಾರತೀಯನಾದ ಕುಮಾರಜೀವನು ೪೦೬ರಲ್ಲಿ ಸದ್ಧರ್ಮಪುಂಡರೀಕ ಸೂತ್ರವನ್ನು ಚೀನೀ ಭಾಷೆಗೆ ಇಳಿಸುವಾಗ ಈ ಬೋಧಿಸತ್ವನಿಗೆ ‘ಲೋಕದ ಧ್ವನಿಯನ್ನು ಅವಲೋಕಿಸುವವನು’ ಎಂಬರ್ಥದ ಹೆಸರನ್ನು ಬಳಸಿದನು. ಏಳನೆಯ ಶತಮಾನದಲ್ಲಿ ಭಾರತವನ್ನೆಲ್ಲ ಸುತ್ತಿ ನಮ್ಮ ಪುಲಕೇಶಿಯ ನಾಡನ್ನೂ ಕಂಡುಹೋದ ಹ್ಯೂಎನ್‌ತ್ಸಾಂಗನು ಇದು ತಪ್ಪು ಭಾಷಾಂತರವೆಂದನು. ಅವಲೋಕಿತ ಎಂಬದಕ್ಕೆ ‘ಈಶ್ವರ’ ಸೇರಿದಾಗ ಗುಣಸಂಧಿಯಿಂದ ‘ಅವಲೋಕಿತೇಶ್ವರ’ ಆಗುವದು, ಇಲ್ಲಿ ‘ಸ್ವರ’ವೆಲ್ಲಿಂದ ಬಂತು ಎಂಬದು ಅವನ ವಾದದ ತಿರುಳು. ಶಾಲೆಯಲ್ಲಿ ನಾನಾಗಿದ್ದರೂ ಹ್ಯೂಎನ್‌ತ್ಸಾಂಗನಿಗೇ ಪೂರ್ಣ ಅಂಕಗಳನ್ನು ಕೊಡುತ್ತಿದ್ದೆನು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಮಧ್ಯ ಏಷಿಯಾದ ಮರಳಿನಿಂದ ಬಂದ ಹಳೆಯ ಸಂಸ್ಕೃತ ಪ್ರತಿಗಳಲ್ಲಿ ‘ಅವಲೋಕಿತಸ್ವರ’ ಎಂಬ ಪಾಠವೇ ದೊರೆಯಿತು! ಕುಮಾರಜೀವನು ತನ್ನ ಕಣ್ಣಿಗೆ ಬಿದ್ದದ್ದನ್ನೇ ಭಾಷಾಂತರಿಸಿದ್ದನು. ಒಂದು ಚಹಾದ ಡಬ್ಬಿಯ ಮೇಲೆ ಈ ಸಂಧಿಯ ವಿವಾದವು ಇಷ್ಟು ಶತಮಾನ ಬದುಕಿ ಬಂದಿತೆಂದರೆ ಯಾವ ವೈಯಾಕರಣನಿಗೆ ಹರ್ಷವಾಗದು?

ಇಷ್ಟರಲ್ಲಿ ನನಗೆ ನೆನಪಾದದ್ದು ನಮ್ಮ ಡಂಬಳ. ಮುಂಡರಗಿ ತಾಲೂಕಿನ ಈ ಊರಿಗೆ ಜನರು ದೊಡ್ಡಬಸಪ್ಪನ ಗುಡಿಯನ್ನು ನೋಡಲೆಂದು ಹೋಗುವರು, ಹೋಗತಕ್ಕದ್ದೇ. ಆದರೆ ಡಂಬಳದಲ್ಲಿ ೧೦೯೫ರ, ಆರನೆಯ ವಿಕ್ರಮಾದಿತ್ಯನ ಕಾಲದ, ಒಂದು ಬೌದ್ಧ ಶಾಸನವುಂಟು. ಹದಿನಾರು ಜನ ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರಕ್ಕೂ, ಲೊಕ್ಕಿಗುಂಡಿಯ, ಅಂದರೆ ನಮ್ಮ ಲಕ್ಕುಂಡಿಯ, ಒಬ್ಬ ಸೆಟ್ಟಿಯು ಕಟ್ಟಿಸಿದ ಆರ್ಯತಾರಾದೇವಿಯ ವಿಹಾರಕ್ಕೂ ಸಂದ ದತ್ತಿಯನ್ನು ಅದು ಹೇಳುವದು. ತಾರೆಯು ಅವಲೋಕಿತೇಶ್ವರನ ಕಣ್ಣೀರಿನಿಂದ ಹುಟ್ಟಿದವಳೆಂದು ಬೌದ್ಧರ ಸಂಪ್ರದಾಯ. ‘ತೄ’ ಧಾತುವಿನಿಂದ ಬಂದ ಹೆಸರು, ದಾಟಿಸುವವಳು ಎಂದರ್ಥ. ನದಿ, ಸಮುದ್ರ, ಕಾಡುಗಳನ್ನು ದಾಟಿ ಸರಕು ಒಯ್ಯುವ ಸೆಟ್ಟಿಗಳು ದಾಟಿಸುವ ತಾಯಿಗೆ ಗುಡಿ ಕಟ್ಟಿಸಿದ್ದು ಎಷ್ಟು ಸಹಜ! ಅದೇ ಕರುಣೆಯ ಪರಿವಾರದ ದೇವಿಯೊಬ್ಬಳು ಸಮುದ್ರದಾಚೆಯ ಗುಡ್ಡದಲ್ಲಿ ಒಂದು ಎಲೆಗೆ ಹೆಸರಾಗಿ, ವ್ಯಾಪಾರಿಗಳ ಕೈಯಿಂದಲೇ ದಾಟಿ, ಡಂಬಳದಿಂದ ಏಳೆಂಟು ಹರದಾರಿಯೂ ಇಲ್ಲದ ನನ್ನ ಮನೆಗೆ ಬಂದಳು. ಅವಳನ್ನು ಪರಕೀಯಳೆಂದು ಹೇಗೆ ಎನ್ನಲಿ?

ಹೆಸರುಗಳ ಮಾತು ಬಂದದ್ದರಿಂದ ಇನ್ನೊಂದು. ನಾವು ‘ಚಹಾ’ ಎನ್ನುವೆವು, ಮೈಸೂರ ಕಡೆಯವರು ‘ಟೀ’ ಎನ್ನುವರು. ಅವರದು ಇಂಗ್ಲಿಷು, ನಮ್ಮದು ದೇಶ್ಯ ಎಂದು ನಮ್ಮಲ್ಲಿ ಕೆಲವರಿಗೆ ಒಂದು ಸಣ್ಣ ಅಭಿಮಾನವುಂಟು. ಚೀನೀ ಲಿಪಿಯಲ್ಲಿ ಇದಕ್ಕೆ ಇರುವ ಅಕ್ಷರವು ಒಂದೇ. ಅದನ್ನು ಬಹುತೇಕ ಚೀನೀಯರು ‘ಚಾ’ ಎಂದು ಓದುವರು. ಫುಜಿಯಾನಿನ ಕರಾವಳಿಯವರು ‘ತೆ’ ಎಂದು ಓದುವರು. ‘ತೆ’ಯನ್ನು ಡಚ್ಚರು ಹಡಗಿನಲ್ಲಿ ಯುರೋಪಿಗೆ ಒಯ್ದರು, ಅದು ‘ಟೀ’ ಆಗಿ ಮೈಸೂರಿಗೆ ಬಂತು. ‘ಚಾ’ ಎಂಬದು ಮರಾಠಿಯ ಬಾಯಿಂದ ‘ಚಹಾ’ ಆಗಿ ನಮ್ಮಲ್ಲಿಗೆ ಬಂತು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದ ಕಾಲವನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಊಲಾಂಗಿನ ತೌರುಮನೆಯ ಉಚ್ಚಾರವನ್ನು ಉಳಿಸಿಕೊಂಡವರು ಮೈಸೂರಿನವರು, ನಾವಲ್ಲ!

ನೀರಿನ ವಿಷಯದಲ್ಲಿ ನಾನು ಕೆಲವು ದಿನ ಹುಚ್ಚನಂತೆ ಪ್ರಯೋಗ ಮಾಡಿದೆನು. ಎಂಟನೆಯ ಶತಮಾನದಲ್ಲಿ ಲೂ ಯೂ ಎಂಬ ಚೀನೀ ಪಂಡಿತನು ಚಹಾದ ಮೇಲೆ ಒಂದು ಶಾಸ್ತ್ರವನ್ನೇ ಬರೆದನು. ಅದರಲ್ಲಿ ಅವನು ಗುಡ್ಡದ ನೀರು ಉತ್ತಮ, ಹೊಳೆಯ ನೀರು ಮಧ್ಯಮ, ಬಾವಿಯ ನೀರು ಅಧಮವೆಂದು ಹೇಳಿದ್ದಾನೆ. ನಮ್ಮಲ್ಲಿಯೂ ಮೂರು ನೀರುಗಳಿವೆಯಲ್ಲ! ಮೊದಲು ಬೋರವೆಲ್ಲಿನ ನೀರಿನಲ್ಲಿ ಮಾಡಿದೆನು. ನಮ್ಮ ಅಂತರ್ಜಲದ ಗಡುಸುತನವು ಬೇಳೆ ಬೇಯಿಸುವ ಗೃಹಿಣಿಯರೆಲ್ಲರಿಗೂ ಗೊತ್ತಿದ್ದದ್ದೇ. ಚಹಾ ಮಂಕಾಗಿ, ಮೇಲೆ ತೆಳುವಾದ ಕೆನೆಯಂಥ ಪೊರೆ ಕಟ್ಟಿ, ಪರಿಮಳವು ಸತ್ತೇಹೋಯಿತು. ನಳದಲ್ಲಿ ಬರುವ ತುಂಗಭದ್ರೆಯ ನೀರನ್ನು ಕುದಿಸಿ ತಿಳಿಗೊಳಿಸಿ ಮಾಡಿದಾಗ ಎಲೆಯು ಉಸಿರಾಡತೊಡಗಿತು. ಶ್ರಾವಣದಲ್ಲಿ ಕಪ್ಪತಮಲ್ಲಯ್ಯನ ದರ್ಶನಕ್ಕೆ ಹೋದ ಪರಿಚಿತರೊಬ್ಬರಿಂದ ಗುಡ್ಡದ ಝರಿಯ ನೀರನ್ನು ಒಂದು ತಂಬಿಗೆ ತರಿಸಿ, ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ ಮಾಡಿದ ದಿನ ಲೂ ಯೂನಿಗೆ ಮನಸ್ಸಿನಲ್ಲಿಯೇ ನಮಸ್ಕಾರ ಮಾಡಿದೆನು. ಚಹಾದ ಮಿತ್ರರಲ್ಲದ ಮಹಾತ್ಮಾ ಗಾಂಧಿಯವರು ಕೂಡ ೧೯೪೨ರಲ್ಲಿ ಆರೋಗ್ಯದ ಕುರಿತು ಬರೆಯತೊಡಗಿದ ಪುಸ್ತಕದಲ್ಲಿ, ನೀರು ಕುದ್ದಿದೆಯೋ ಇಲ್ಲವೋ ಎಂಬದನ್ನು ಅರಿಯಲು ಚೀನೀಯರಿಗೆ ಈ ಎಲೆಯ ಉಪಯೋಗವಾಯಿತೆಂಬ ಮಾತನ್ನು ಒಪ್ಪಿದ್ದಾರೆ.

ಮಾಡುವ ಕ್ರಮವು ಹೀಗೆ. ಪಾತ್ರೆಯು ಸಣ್ಣದಿರಬೇಕು, ನಮ್ಮ ಉಪ್ಪಿನಕಾಯಿಯ ಸಣ್ಣ ಪಿಂಗಾಣಿ ಭರಣಿಯಷ್ಟಾದರೆ ಸಾಕು. ಒಂದು ದೊಡ್ಡ ಚಮಚೆ ಗುಳಿಗೆಗಳನ್ನು ಹಾಕಿ, ಕುದಿ ಬಂದ ನೀರನ್ನು ಒಮ್ಮೆ ಹೊಯ್ದು ಆ ತೊಳೆನೀರನ್ನು ಚೆಲ್ಲಬೇಕು. ಮತ್ತೆ ನೀರು ಹೊಯ್ದು ಅರ್ಧ ನಿಮಿಷದೊಳಗೆ ಬಗ್ಗಿಸಿಕೊಳ್ಳಬೇಕು. ಒಲೆಯ ಮೇಲಿಟ್ಟು ಕುದಿಸಲಾಗದು. ಅದೇ ಎಲೆಗೆ ಮತ್ತೆ ಮತ್ತೆ ಐದಾರು ಬಾರಿ ನೀರು ಹೊಯ್ಯಬಹುದು. ಒಂದೊಂದು ಬಾರಿಯೂ ರುಚಿ ಬೇರೆ.

ಹಾಗಾದರೆ ಆ ರುಚಿಯು ಎಂಥದು? ಇದನ್ನು ನಾನು ಬಹುದಿನ ಶಬ್ದಗಳಲ್ಲಿ ಹಿಡಿಯಲಾರದೆ ಹೋದೆನು. ಹಿಡಿದುಕೊಟ್ಟವಳು ನನ್ನ ಅಕ್ಕ. ಶಿರಹಟ್ಟಿಯಲ್ಲಿರುವ ಆಕೆಗೆ ಎಪ್ಪತ್ತೈದು ದಾಟಿದವು. ಪಥ್ಯ ಹಿಡಿದ ಮೇಲೆ ನಾನು ಮೊದಲ ಬಾರಿ ಅವಳ ಮನೆಗೆ ಹೋಗಿ ಚಹಾ ಒಲ್ಲೆನೆಂದಾಗ, ಅವಳು ಏನೂ ಮಾತಾಡದೆ ಕಪ್ಪನ್ನು ನನ್ನ ಮುಂದಿಟ್ಟು ಒಳಗೆ ಹೋದಳು. ಅದು ಕೆನೆಗಟ್ಟಿ ತಣ್ಣಗಾಗುವವರೆಗೂ ಹೊರಗೆ ಬರಲಿಲ್ಲ. ತಾಯಿಯು ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳು. ಹೊರಡುವಾಗ, “ನನ್ನ ಕೈಯ ಚಹಾ ಬ್ಯಾಡಾತೇನು ತಮ್ಮಾ?” ಎಂದಷ್ಟೇ ಕೇಳಿದಳು. ರಕ್ತಪರೀಕ್ಷೆಯ ಕಾಗದವನ್ನು ಅವಳಿಗೆ ಹೇಗೆ ತೋರಿಸುವದು? ಆಮೇಲೆ ನಾಲ್ಕು ತಿಂಗಳು ನಾನು ಶಿರಹಟ್ಟಿಗೆ ಹೋಗುವದನ್ನೇ ಮುಂದೂಡುತ್ತ ಬಂದೆನು. ಹತ್ತಿರದ ಊರು, ಬಸ್ಸುಗಳಿಗೇನೂ ಕೊರತೆಯಿಲ್ಲ.

ಈ ಡಬ್ಬಿಯು ಬಂದ ಮೇಲೆ ಒಂದು ಹಿಡಿ ಎಲೆಯನ್ನು ಪೊಟ್ಟಣ ಕಟ್ಟಿಕೊಂಡು ಹೋಗಿ ಅವಳ ಅಡಿಗೆಮನೆಯಲ್ಲಿಯೇ ಕುಳಿತೆನು. “ಅಕ್ಕಾ, ನೀ ಬರೇ ನೀರು ಕಾಸಿಕೊಡು” ಎಂದೆನು. ಅವಳು ಕಾಸಿಕೊಟ್ಟಳು. ನಾನು ಎಲೆಗೆ ಹೊಯ್ದು, ಒಂದು ಬಟ್ಟಲು ಅವಳಿಗೆ, ಒಂದು ನನಗೆ ಬಗ್ಗಿಸಿದೆನು. ಮೊದಲ ಗುಟುಕಿಗೆ ಅವಳ ಮುಖವು ಕಿವುಚಿತು. “ಇದು ಜ್ವರ ಬಂದವರ ಕಷಾಯಕ್ಕಿಂತ ಹಗೂರ ಅದ ನೋಡು” ಎಂದಳು. ಎರಡನೆಯ ಗುಟುಕು ಕುಡಿದು ಬಟ್ಟಲನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದವಳು, “ತಮ್ಮಾ, ನೆಲ್ಲಿಕಾಯಿ ತಿಂದು ನೀರು ಕುಡಿದಂಗ ಆತಲ್ಲೋ!” ಎಂದಳು.

ಶಾಲೆಯ ಮೆಟ್ಟಲು ಹತ್ತದ ನನ್ನ ಅಕ್ಕನ ಈ ವಾಕ್ಯಕ್ಕೆ ಮೀರಿದ ಲಕ್ಷಣವನ್ನು ನಾನು ಯಾವ ಪುಸ್ತಕದಲ್ಲಿಯೂ ಕಂಡಿಲ್ಲ. ನಾಲಿಗೆಯ ಮೇಲೆ ಮೊದಲು ತುಸು ಒಗರು, ತುಸು ಕಹಿ. ನುಂಗಿದ ಮೇಲೆ ಗಂಟಲಿನಿಂದ ಸಿಹಿಯು ಹಿಂತಿರುಗಿ ಬರುವದು. ಚೀನೀಯರು ಇದನ್ನು ‘ಮರಳಿ ಬರುವ ಸಿಹಿ’ ಎಂದೇ ಕರೆಯುವರು. ಒಳ್ಳೆಯ ಊಲಾಂಗಿನ ಕಡೆಯ ಪರಿಣಾಮಕ್ಕೆ ಅವರಲ್ಲಿ ಇನ್ನೊಂದು ಶಬ್ದವುಂಟು, ‘ಯುನ್’ ಎಂದು. ಪದ್ಯದ ಪ್ರಾಸಕ್ಕೂ, ಸ್ವರದ ಗುಂಗಿಗೂ ಅದೇ ಶಬ್ದ. ವುಯಿಯದಕ್ಕೆ ‘ಬಂಡೆಯ ಯುನ್’, ಆನ್‌ಶಿಯದಕ್ಕೆ ‘ಗ್ವಾನ್‌ಯಿನ್ನಿನ ಯುನ್’. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದಲ್ಲಿ ಕಾವ್ಯಧ್ವನಿಯ ಒಂದು ಬಗೆಯನ್ನು ಅನುರಣನಕ್ಕೆ ಹೋಲಿಸಿದನಲ್ಲವೆ? ಗಂಟೆಯ ಪೆಟ್ಟು ಮುಗಿದ ಮೇಲೆ ಉಳಿಯುವ ನಾದವದು. ವಾಚ್ಯಾರ್ಥವು ತೀರಿದ ಮೇಲೆ ವ್ಯಂಗ್ಯವು ಮಿಡಿಯುವಂತೆ, ಬಟ್ಟಲು ತೀರಿದ ಮೇಲೆ ಈ ಚಹಾ ಮಿಡಿಯುವದು. ಇದನ್ನು ಅಕ್ಕನಿಗೆ ವಿವರಿಸಹೋದಾಗ ಅವಳು, “ಕುಡಿಯೋ ಹೊತ್ತಿನ್ಯಾಗ ಸಾಲಿ ನಡಸಬ್ಯಾಡ” ಎಂದಳು. ಅಂದು ನಮ್ಮಿಬ್ಬರಲ್ಲಿ ಒಂದು ಕರಾರಾಯಿತು: ಎಲೆ ನನ್ನದು, ನೀರು ಅವಳದು. ಈಗ ಪ್ರತಿ ಹುಣ್ಣಿವೆಗೆ ಹೋಗಿಬರುವೆನು.

ಇದರ ಗುಣಗಳ ಬಗ್ಗೆ ಅಂಗಡಿಯವರು ಹೇಳುವ ಮಾತುಗಳನ್ನೆಲ್ಲ ನಂಬಬೇಕಾಗಿಲ್ಲ. ಊಲಾಂಗಿನಿಂದ ಮಧುಮೇಹವು ಗುಣವಾಗುವದಿಲ್ಲ; ಸಕ್ಕರೆಯ ಚಹಾವನ್ನು ಬಿಡಲು ಅದು ಊರುಗೋಲಾಗುವದು, ಅಷ್ಟೆ. ಸಂಜೆಯ ಮೇಲೆ ಕುಡಿದರೆ ನನಗೆ ನಿದ್ರೆ ಬಾರದು. ರಕ್ತ ಕಡಿಮೆಯಿರುವ ಹೆಣ್ಣುಮಕ್ಕಳು ಯಾವ ಚಹಾವನ್ನೇ ಆಗಲಿ ಊಟದ ಜೊತೆಗೆ ಕುಡಿಯಬಾರದು. ಅನ್ನದೊಳಗಿನ ಕಬ್ಬಿಣದ ಅಂಶವು ಮೈಗೆ ಹತ್ತದಂತೆ ಅದು ತಡೆಯುವದು. ಬೆಲೆಯೂ ನಮ್ಮಂಥವರ ಅಳತೆಯದಲ್ಲ. ನೀಲಗಿರಿ, ದಾರ್ಜಿಲಿಂಗಗಳ ಕೆಲವು ತೋಟಗಳವರು ಊಲಾಂಗವನ್ನು ತಯಾರಿಸುತ್ತಾರೆ. ಅದು ಅಷ್ಟು ತುಟ್ಟಿಯಲ್ಲ. ಗದುಗಿನ ನೆಲದಲ್ಲಿ ಇದು ಬೆಳೆಯುವ ಮಾತೇ ಇಲ್ಲ. ಚಹಾದ ಗಿಡಕ್ಕೆ ಹುಳಿಯಾದ ಮಣ್ಣು ಬೇಕು, ನಮ್ಮ ಎರೆಭೂಮಿಯಲ್ಲಿ ಸುಣ್ಣದ ಅಂಶವು ಹೆಚ್ಚು. ಅದಕ್ಕೆ ಬೇಕಾದ ಮಳೆಯ ಅರ್ಧದಷ್ಟೂ ನಮ್ಮಲ್ಲಿ ಬೀಳುವದಿಲ್ಲ.

ಭಾರತಕ್ಕೂ ವುಯಿಗೂ ಇನ್ನೊಂದು ಸಂಬಂಧವಿದೆ. ಅದು ಅಷ್ಟು ಹಿತವಾದದ್ದಲ್ಲ. ‘ಬೊಹೀ’ ಎಂದು ಇಂಗ್ಲಿಷರು ಕರೆಯುತ್ತಿದ್ದದ್ದು ವುಯಿಯ ಚಹಾವನ್ನೇ. ೧೭೭೩ರಲ್ಲಿ ಅಮೇರಿಕದ ಬೋಸ್ಟನ್ ಬಂದರದಲ್ಲಿ ಸಮುದ್ರಕ್ಕೆ ಚೆಲ್ಲಿದ ಪೆಟ್ಟಿಗೆಗಳಲ್ಲಿ ಬಹುಭಾಗವು ಅದೇ. ಆ ಚಹಾದ ಬೆಲೆಯನ್ನು ತೆರಲು ಬಂಗಾಲ, ಮಾಳವಗಳ ಅಫೀಮನ್ನು ಚೀನೀಯರಿಗೆ ಉಣಿಸಿದರು. ೧೮೩೯ರಲ್ಲಿ ಯುದ್ಧವೂ ಆಯಿತು. ಅದು ಮುಗಿದ ಮೇಲೆ ೧೮೪೯ರಲ್ಲಿ ರಾಬರ್ಟ್ ಫಾರ್ಚ್ಯೂನ್ ಎಂಬ ಸಸ್ಯಶಾಸ್ತ್ರಜ್ಞನು ಚೀನೀಯರ ವೇಷದಲ್ಲಿ ವುಯಿಯನ್ನು ಹೊಕ್ಕು, ಚಹಾದ ಸಸಿಗಳನ್ನೂ ಬೀಜಗಳನ್ನೂ ಕೆಲಸಗಾರರನ್ನೂ ಈಸ್ಟ್ ಇಂಡಿಯಾ ಕಂಪನಿಗಾಗಿ ಹಿಮಾಲಯದ ತೋಟಗಳಿಗೆ ಸಾಗಿಸಿದನು. ಗಿಡ ಬಂತು, ರಾತ್ರಿಯೆಲ್ಲ ಎಚ್ಚರಿದ್ದು ಮೊರ ಕುಲುಕುವ ಮೂಗು ಬರಲಿಲ್ಲ.

ಆರು ಗಿಡಗಳಿಗೆ ಅಷ್ಟು ಕಾವಲಿಟ್ಟವರ ಕಥೆಯನ್ನು ಓದುವಾಗಲೆಲ್ಲ ನನ್ನ ಕಣ್ಣು ಕಿಡಕಿಯಾಚೆಗೆ ಕಪ್ಪತಗುಡ್ಡದ ಕಡೆಗೆ ಹೋಗುವದು. ಗದಗು, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿದ ಈ ಗುಡ್ಡವು ನಮ್ಮ ನಾಟಿವೈದ್ಯರ ಔಷಧಾಲಯ. ಮಳೆಗಾಲ ಮುಗಿಯುವಾಗ ಅಲ್ಲಿಯ ಸುವಾಸನೆಯ ಹುಲ್ಲನ್ನು ಮೆಟ್ಟಿ ನಡೆದರೆ ಕಾಲಿಗೇ ಪರಿಮಳ. ಅದರ ಒಡಲಿನಲ್ಲಿ ಬಂಗಾರವೂ ಕಬ್ಬಿಣವೂ ಇದೆಯೆಂಬ ಸುದ್ದಿಯೇ ಅದಕ್ಕೆ ಶತ್ರುವಾಯಿತು. ಗುಡ್ಡಕ್ಕೆ ಕೊಟ್ಟ ಸಂರಕ್ಷಣೆಯನ್ನು ೨೦೧೬ರಲ್ಲಿ ಸರಕಾರವು ಹಿಂತೆಗೆದುಕೊಂಡಾಗ ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳವರು ಜನರನ್ನು ಕೂಡಿಸಿ ಹೋರಾಡಿದರು. ೨೦೧೭ರಲ್ಲಿ ಅದನ್ನು ತಿರುಗಿ ಕೊಟ್ಟರು. ೨೦೧೯ರಲ್ಲಿ ಸುಮಾರು ೨೪೪ ಚದರ ಕಿಲೋಮೀಟರು ಪ್ರದೇಶವು ವನ್ಯಜೀವಿಧಾಮವಾಯಿತು. ಸ್ವಾಮಿಗಳವರು ೨೦೧೮ರಲ್ಲಿಯೇ ಲಿಂಗೈಕ್ಯರಾಗಿದ್ದರು. ಗುಡ್ಡವು ಉಳಿದರೂ ಅದರ ಎಲೆಗಳನ್ನು ಹೆಸರಿಟ್ಟು ಕರೆಯುವವರು ಉಳಿದಿದ್ದಾರೆಯೇ? ಯಾವ ಬೇರನ್ನು ಯಾವ ನಕ್ಷತ್ರದಲ್ಲಿ ಕೀಳಬೇಕು, ಯಾವ ಸೊಪ್ಪನ್ನು ನೆಳಲಿನಲ್ಲಿ ಒಣಗಿಸಬೇಕು, ಯಾವದನ್ನು ಹುರಿಯಬೇಕು ಎಂಬದನ್ನು ಬಲ್ಲ ಒಬ್ಬ ವೃದ್ಧರನ್ನು ನಾನು ಮುಂಡರಗಿಯ ಕಡೆಗೆ ಬಲ್ಲೆನು. ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಮೂಗಿನಿಂದಲೇ ಎಲೆಯನ್ನು ಗುರುತಿಸುವ ಆ ವೃದ್ಧರಿಗೆ ನನ್ನ ಊಲಾಂಗವನ್ನು ಕೊಟ್ಟಾಗ, ಅವರು ಒಣ ಎಲೆಯನ್ನು ಮೂಸಿ, “ಇದನ್ನ ಬಿಸಲಿಗೆ ಹಾಕ್ಯಾರ, ಆಮ್ಯಾಲೆ ನೆಳ್ಳಿಗೆ ತಂದಾರ, ಕಡೀಕೆ ಬೆಂಕಿ ತೋರಸ್ಯಾರ” ಎಂದು ಕ್ರಮವಾಗಿ ಹೇಳಿದರು. ಅವರಿಗೆ ಅದನ್ನು ಯಾರೂ ತಿಳಿಸಿರಲಿಲ್ಲ.

ಅಂದಿನಿಂದ ನಾನು ವಾರಕ್ಕೊಮ್ಮೆ ಅವರ ಬಳಿಗೆ ಹೋಗಿ, ಅವರು ಹೇಳಿದ್ದನ್ನು ಒಂದು ವಹಿಯಲ್ಲಿ ಬರೆದುಕೊಳ್ಳುತ್ತಿದ್ದೇನೆ. ಇದುವರೆಗೆ ಅರುವತ್ತೆರಡು ಗಿಡಗಳಾದವು. ಹೆಸರುಗಳು ನಮ್ಮ ಕಡೆಯ ಹೆಸರುಗಳು. ಸಂಸ್ಕೃತದ ನಿಘಂಟುಗಳೊಡನೆ ಹೋಲಿಸುವ ಕೆಲಸವನ್ನು ಸದ್ಯಕ್ಕೆ ಮುಂದಿಟ್ಟಿದ್ದೇನೆ, ಯಾಕಂದರೆ ಅವರಿಗೆ ಎಂಬತ್ತೆಂಟು ವರ್ಷ. ಹೋಗುವಾಗ ಒಂದು ಚಮಚೆ ಎಲೆಯನ್ನು ಒಯ್ಯುವೆನು. ಬರೆಯುವಷ್ಟು ಹೊತ್ತೂ ಅದೇ ಎಲೆಗೆ ಅವರ ಸೊಸೆಯು ಬಿಸಿನೀರು ಹಾಕಿಕೊಡುತ್ತ ಹೋಗುವರು. ಆರನೆಯ ನೀರಿಗೆ ಬಣ್ಣವು ಬಿಳುಪಾಗುವದು, ಅವರಿಗೂ ದಣಿವಾಗುವದು. ಆಗ ವಹಿಯನ್ನು ಮುಚ್ಚಿ ಮುಂಡರಗಿಯಿಂದ ಗದುಗಿಗೆ ಬರುವ ಬಸ್ಸನ್ನು ಹಿಡಿಯುವೆನು.